ನಾಲ್ಕರಲ್ಲಿ ಎರಡು ಡಿಸ್ಕ್ ಕೈಕೊಟ್ಟ ನ್ಯಾಸ್: ಅಪ್ಪಯ್ಯನ ತಾಳಮದ್ದಳೆ ಮರಳಿ ಸಿಗುವುದೇ?

ಓದುಗರ ಪ್ರಶ್ನೆ:

ನಾವು ಸಾಗರದ ಹತ್ತಿರದ ಹಳ್ಳಿಯವರು. 2017ರಲ್ಲಿ ನಾಲ್ಕು ಡಿಸ್ಕ್ ಹಿಡಿಯುವ ನ್ಯಾಸ್ ಪೆಟ್ಟಿಗೆ (ಮನೆಯ ಕಂಪ್ಯೂಟರುಗಳೆಲ್ಲ ನೆಟ್‌ವರ್ಕಿನ ಮೂಲಕ ಬಳಸುವ ಸಂಗ್ರಹ) ಕೊಂಡು, ತಲಾ 4 ಟಿಬಿಯ ನಾಲ್ಕು ಹಾರ್ಡ್ ಡಿಸ್ಕ್ ಹಾಕಿಸಿ, ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ರೇಡ್ 5 ಮಾಡಿಸಿದ್ದೆವು. ಅದರಲ್ಲಿ 2009ರಿಂದೀಚಿನ ಮನೆಯ ಫೋಟೋಗಳಿವೆ. ಅದಕ್ಕಿಂತ ಹೆಚ್ಚಾಗಿ, ಅಪ್ಪಯ್ಯ ಅರ್ಥ ಹೇಳಿದ ತಾಳಮದ್ದಳೆಗಳನ್ನು ಕ್ಯಾಸೆಟ್ಟಿನಿಂದ ಇಳಿಸಿಟ್ಟುಕೊಂಡ ಸುಮಾರು 140 ಗಂಟೆಗಳ ಡಬ್ಲ್ಯೂಎವಿ ಧ್ವನಿ ಫೈಲುಗಳಿವೆ. ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಹಾಳಾಗಿವೆ. ಮಾರ್ಚಿನಲ್ಲಿ ಪೆಟ್ಟಿಗೆ ಕೂಗತೊಡಗಿ 2ನೇ ಡಿಸ್ಕಿನ ದೀಪ ಕೆಂಪಾಯಿತು. ಫೈಲುಗಳು ತೆರೆಯುತ್ತಿದ್ದುದರಿಂದ ಕೂಗು ನಿಲ್ಲಿಸಿ, ಹೊಸ ಡಿಸ್ಕ್ ಆಮೇಲೆ ತರೋಣವೆಂದು ಬಿಟ್ಟೆವು. ಜೂನಿನಲ್ಲಿ ಒಂದು ರಾತ್ರಿ ಗುಡುಗು ಮಳೆಗೆ ಕರೆಂಟ್ ಹತ್ತಾರು ಬಾರಿ ಹೋಗಿ ಬಂತು. ಬೆಳಿಗ್ಗೆ ನೋಡಿದರೆ 3ನೇ ಡಿಸ್ಕೂ ಕೆಂಪು, ವಾಲ್ಯೂಮ್ (ನಾಲ್ಕೂ ಡಿಸ್ಕ್ ಸೇರಿದ ಸಂಗ್ರಹ) ಕ್ರ್ಯಾಶ್ ಆಗಿದೆ ಎಂಬ ಸಂದೇಶ. ಮೂರು ನಾಲ್ಕು ಸಲ ಆಫ್ ಮಾಡಿ ಆನ್ ಮಾಡಿದೆವು. ಕಂಪ್ಯೂಟರ್ ಅಂಗಡಿಯವರು 3ನೇ ಡಿಸ್ಕನ್ನು ಯುಎಸ್‌ಬಿ ಡಾಕಿಗೆ (ಡಿಸ್ಕನ್ನು ಹೊರಗಿನಿಂದ ಕಂಪ್ಯೂಟರಿಗೆ ಜೋಡಿಸುವ ಸಾಧನ) ಹಾಕಿದಾಗ ವಿಂಡೋಸ್ ಇನಿಶಿಯಲೈಸ್ ಮಾಡಬೇಕೆಂದು ಕೇಳಿತು, ಸರಿ ಎಂದು ಒತ್ತಿದರು, ಏನೂ ಕಾಣಿಸಲಿಲ್ಲ. ಭಾನುವಾರ ಎರಡು ಹೊಸ ಡಿಸ್ಕ್ ತಂದು ರಿಪೇರ್ ಒತ್ತುತ್ತೇವೆ ಎನ್ನುತ್ತಿದ್ದಾರೆ. ತಮ್ಮನ ಮಗ ಡಿಸ್ಕನ್ನು ಫ್ರೀಜರಿನಲ್ಲಿಡಬೇಕು ಎನ್ನುತ್ತಾನೆ. ನಾಲ್ಕೂ ಡಿಸ್ಕ್ ತಿರುಗುತ್ತಿವೆ, ವಿಚಿತ್ರ ಸದ್ದಿಲ್ಲ. ಡೇಟಾ ಇನ್ನೂ ಇದೆಯೇ? ನಾವೇ ಏನಾದರೂ ಮಾಡಬಹುದೇ?

ಉತ್ತರ:

ಮಾಡಬೇಕಾದ ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ, ಕಾರಣಗಳನ್ನು ನಂತರ ವಿವರಿಸುತ್ತೇನೆ. ಪೆಟ್ಟಿಗೆಯನ್ನು ಆಫ್ ಮಾಡಿ ಪ್ಲಗ್ ಕಿತ್ತಿಡಿ. ಪ್ರತಿ ಡಿಸ್ಕಿನ ಮೇಲೆ ಅದು ಇದ್ದ ಖಾನೆಯ ಸಂಖ್ಯೆ ಬರೆದ ಚೀಟಿ ಅಂಟಿಸಿ, 2ನೆಯದರ ಮೇಲೆ ‘ಮಾರ್ಚ್’ ಎಂದೂ 3ನೆಯದರ ಮೇಲೆ ‘ಜೂನ್, ಡಾಕಿಗೆ ಹಾಕಿದ್ದು’ ಎಂದೂ ಸೇರಿಸಿ. ಭಾನುವಾರ ಬರುವುದು ಬೇಡವೆಂದು ಅಂಗಡಿಯವರಿಗೆ ಇವತ್ತೇ ತಿಳಿಸಿ. ಅವರು ಕೆಟ್ಟ ಉದ್ದೇಶದಿಂದ ಹೇಳುತ್ತಿಲ್ಲ, ಆದರೆ ಅವರು ಮಾಡಹೊರಟಿರುವ ಕೆಲಸ ನಿಮ್ಮ ಸ್ಥಿತಿಗೆ ಸಲ್ಲುವುದಿಲ್ಲ.

ನಿಮ್ಮ ಪತ್ರದಲ್ಲಿ ಎರಡು ಭಯಗಳು ಬೆರೆತಿವೆ. ಡೇಟಾ ಉಳಿದಿದೆಯೇ ಎಂಬುದು ಒಂದು, ಉಳಿದಿರುವುದನ್ನು ತೆಗೆಯಲು ಹೋಗಿ ಕಳೆದುಕೊಂಡೇವೇ ಎಂಬುದು ಇನ್ನೊಂದು. ನೀವು ಬರೆದಿರುವ ವಿವರಗಳಿಂದ ಹೇಳುವುದಾದರೆ ಡೇಟಾ ಬಹುಮಟ್ಟಿಗೆ ಇದೆ. ಡಿಸ್ಕುಗಳು ತಿರುಗುತ್ತಿವೆ, ಟಕ್ ಟಕ್ ಸದ್ದಿಲ್ಲ, ಪೆಟ್ಟಿಗೆಯೇ ಎದ್ದು ಸಂದೇಶ ತೋರಿಸುತ್ತಿದೆ. ಇವೆಲ್ಲ ಒಳ್ಳೆಯ ಲಕ್ಷಣಗಳು. ಎರಡನೆಯ ಭಯವೇ ಹೆಚ್ಚು ನಿಜವಾದದ್ದು. ನನ್ನ ಮೇಜಿಗೆ ಬರುವ ರೇಡ್ ಪ್ರಕರಣಗಳಲ್ಲಿ ಕೈಬಿಡಬೇಕಾಗಿ ಬಂದವನ್ನು ನೆನೆದರೆ, ಹೆಚ್ಚಿನವು ಕೆಟ್ಟ ರಾತ್ರಿಯಲ್ಲಿ ಹಾಳಾದವಲ್ಲ, ಅದರ ಮರುವಾರ ಯಾರೋ ಸಹಾಯಕ್ಕೆ ಬಂದು ಹಾಳು ಮಾಡಿದಂಥವು.

ರೇಡ್ 5 ಕೆಲಸ ಮಾಡುವ ಬಗೆಯನ್ನು ದಿನಸಿ ಅಂಗಡಿಯ ಚೀಟಿಯ ಮೂಲಕ ತಿಳಿಯಬಹುದು. ಮೂರು ಸಾಮಾನಿನ ಬೆಲೆ 40, 90, 20 ಎಂದು ಬರೆದು ಕೆಳಗೆ ಒಟ್ಟು 150 ಎಂದಿದೆ ಎನ್ನೋಣ. ಒಂದು ಅಂಕಿಗೆ ನೀರು ಬಿದ್ದು ಅಳಿಸಿಹೋದರೆ, ಒಟ್ಟಿನಿಂದ ಉಳಿದೆರಡನ್ನು ಕಳೆದು ಅದನ್ನು ಮತ್ತೆ ಬರೆಯಬಹುದು. ಎರಡು ಅಂಕಿಗಳು ಒಟ್ಟಿಗೆ ಅಳಿಸಿದರೆ ಲೆಕ್ಕ ಸಿಗುವುದಿಲ್ಲ. ರೇಡ್ 5 ಕೂಡ ಸಾಮಾನ್ಯವಾಗಿ 64 ಕೆಬಿ ಅಥವಾ 512 ಕೆಬಿ ಗಾತ್ರದ ತುಂಡುಗಳನ್ನು ಮೂರು ಡಿಸ್ಕುಗಳಲ್ಲಿ ಹಂಚಿ, ಅವುಗಳ ‘ಒಟ್ಟನ್ನು’ ನಾಲ್ಕನೆಯದರಲ್ಲಿ ಇಡುತ್ತದೆ. ಆ ಒಟ್ಟಿಗೆ ಪ್ಯಾರಿಟಿ ಎಂದು ಹೆಸರು. ಪ್ಯಾರಿಟಿಗೆ ಮೀಸಲಾದ ಡಿಸ್ಕ್ ಎಂಬುದಿಲ್ಲ, ಸಾಲಿನಿಂದ ಸಾಲಿಗೆ ಅದು ಬೇರೆ ಡಿಸ್ಕಿಗೆ ಸರಿಯುತ್ತ ಹೋಗುತ್ತದೆ. ಹೀಗಾಗಿ ನಿಮ್ಮ 16 ಟಿಬಿಯಲ್ಲಿ ಬಳಕೆಗೆ ಸಿಗುತ್ತಿದ್ದುದು 12 ಟಿಬಿ.

ಈ ಹಂಚಿಕೆಯಿಂದ ಹುಟ್ಟುವ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ನಿವಾರಿಸುತ್ತೇನೆ. ಒಂದೇ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ ರಿಕವರಿ ತಂತ್ರಾಂಶ ಓಡಿಸಿದರೆ ಸಣ್ಣ ಸಣ್ಣ ಚಿತ್ರಗಳು ನೂರಾರು ಸಿಗುತ್ತವೆ, ದೊಡ್ಡ ಫೋಟೋಗಳು ಮೇಲಿನ ಪಟ್ಟಿಯೊಂದನ್ನು ಬಿಟ್ಟು ಬೂದು ಬಣ್ಣಕ್ಕೆ ತಿರುಗಿರುತ್ತವೆ. ‘ಇಷ್ಟೇ ಉಳಿದಿದೆ’ ಎಂದು ಅಂಗಡಿಯವರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಆದರೆ ಸಿಕ್ಕ ಸಣ್ಣ ಚಿತ್ರಗಳು ಪೆಟ್ಟಿಗೆ ತಾನೇ ಮಾಡಿಟ್ಟುಕೊಂಡ ಥಂಬ್‌ನೇಲ್‌ಗಳು, ಒಂದು ತುಂಡಿನೊಳಗೆ ಹಿಡಿಸುವುದರಿಂದ ಇಡಿಯಾಗಿ ಸಿಕ್ಕಿವೆ. 5 ಎಂಬಿಯ ಒಂದು ಫೋಟೋ 64 ಕೆಬಿಯ 80 ತುಂಡುಗಳಾಗಿ ಎಲ್ಲ ಡಿಸ್ಕುಗಳಲ್ಲಿ ಹರಡಿರುತ್ತದೆ. ಒಂದು ಡಿಸ್ಕಿನಿಂದ ಅದು ಸಿಗದಿರುವುದು ನಷ್ಟದ ಲಕ್ಷಣವಲ್ಲ, ಅದರ ಸ್ವಭಾವವೇ ಹಾಗೆ.

ಇನ್ನು ಮಾರ್ಚಿನಲ್ಲಿ ನಡೆದದ್ದು. 2ನೇ ಡಿಸ್ಕ್ ಕೆಂಪಾದ ಮೇಲೂ ಫೈಲುಗಳು ತೆರೆಯುತ್ತಿದ್ದುದು ಪೆಟ್ಟಿಗೆ ಪ್ರತಿ ಬಾರಿಯೂ ಅಳಿಸಿದ ಅಂಕಿಯನ್ನು ಲೆಕ್ಕ ಹಾಕಿ ಕೊಡುತ್ತಿದ್ದುದರಿಂದ. ಮಾರ್ಚಿನಿಂದ ಜೂನ್‌ವರೆಗೆ ನಿಮ್ಮ ಮೂರು ಡಿಸ್ಕುಗಳಿಗೆ ಯಾವ ಆಸರೆಯೂ ಇರಲಿಲ್ಲ. ಇದಕ್ಕಾಗಿ ನಿಮ್ಮನ್ನು ದೂರುವುದಿಲ್ಲ. ಕೂಗು ನಿಲ್ಲಿಸುವ ಗುಂಡಿಯನ್ನು ಎಚ್ಚರಿಕೆಯ ಪಕ್ಕದಲ್ಲೇ ಇಟ್ಟವರು ಆ ಪೆಟ್ಟಿಗೆಯನ್ನು ಮಾಡಿದವರು.

ಡಿಸ್ಕ್ ‘ಹೊರಬೀಳುವುದು’ ಬೇರೆ, ‘ಸಾಯುವುದು’ ಬೇರೆ ಎಂಬುದನ್ನು ಗಮನಿಸಬೇಕು. ಪೆಟ್ಟಿಗೆ ಕೇಳಿದ ಸೆಕ್ಟರನ್ನು (ಡಿಸ್ಕ್ ಓದಿ ಬರೆಯುವ ಅತಿ ಸಣ್ಣ ಭಾಗ) ಡಿಸ್ಕ್ ಹೊತ್ತಿಗೆ ಸರಿಯಾಗಿ ಕೊಡದಿದ್ದರೆ, ಅಥವಾ ವಿದ್ಯುತ್ ಒಂದು ಕ್ಷಣ ಕುಸಿದು ಡಿಸ್ಕ್ ಕಣ್ಮರೆಯಾಗಿ ಮತ್ತೆ ಬಂದರೆ, ಪೆಟ್ಟಿಗೆ ಅದನ್ನು ಗುಂಪಿನಿಂದ ತೆಗೆದುಹಾಕಿ ಕೆಂಪು ದೀಪ ಹಚ್ಚುತ್ತದೆ. ನ್ಯಾಸ್‌ಗೆಂದೇ ತಯಾರಾದ ಡಿಸ್ಕುಗಳು ಓದಲಾಗದ ಜಾಗದಲ್ಲಿ ಸುಮಾರು 7 ಸೆಕೆಂಡು ಹೆಣಗಿ ಬಿಟ್ಟುಬಿಡುತ್ತವೆ; ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕುಗಳು ಅದಕ್ಕಿಂತ ಬಹಳ ಹೊತ್ತು ಹೆಣಗುತ್ತವೆ, ಅಷ್ಟರಲ್ಲಿ ಪೆಟ್ಟಿಗೆ ಅವುಗಳ ಆಸೆ ಬಿಟ್ಟಿರುತ್ತದೆ. ಆ ಮಳೆಯ ರಾತ್ರಿ 3ನೇ ಡಿಸ್ಕಿಗೆ ಆದದ್ದು ಇಂಥದೇ ಇರಬಹುದು. ಪೆಟ್ಟಿಗೆಯ 12 ವೋಲ್ಟ್ ಅಡಾಪ್ಟರನ್ನೂ ನಾನು ಸಂದೇಹಿಸುತ್ತೇನೆ: ಏಳೆಂಟು ವರ್ಷ ಹಳೆಯದಾದ ಅಡಾಪ್ಟರ್ ಮೀಟರಿನಲ್ಲಿ 12 ವೋಲ್ಟ್ ಸರಿಯಾಗಿಯೇ ತೋರಿಸಿ, ನಾಲ್ಕು ಡಿಸ್ಕ್ ಒಟ್ಟಿಗೆ ತಿರುಗಲು ಹೊರಟಾಗ ಬೀಳುವ ಹೊರೆಗೆ ಕುಸಿಯುವುದನ್ನು ಎಷ್ಟೋ ಬಾರಿ ಕಂಡಿದ್ದೇನೆ. ಅಂಥ ಅಡಾಪ್ಟರಿನಲ್ಲಿ ಪದೇ ಪದೇ ಆನ್ ಮಾಡಿ ನೋಡುವುದು ಡಿಸ್ಕುಗಳಿಗೆ ಪದೇ ಪದೇ ಕರೆಂಟ್ ಹೋಗಿ ಬಂದಂತೆಯೇ.

ಈಗ ನಿಮ್ಮ ಪ್ರಕರಣದ ತಿರುಳಿಗೆ ಬರುತ್ತೇನೆ. ಹೊರಬಿದ್ದ ಎರಡು ಡಿಸ್ಕುಗಳು ಒಂದೇ ತೂಕದವಲ್ಲ. 3ನೆಯದರಲ್ಲಿ ಜೂನಿನ ಆ ರಾತ್ರಿಯವರೆಗಿನ ಬರವಣಿಗೆ ಇದೆ. 2ನೆಯದು ಮಾರ್ಚಿನಲ್ಲಿ ನಿಂತ ಗಡಿಯಾರದಂತೆ, ಆಮೇಲೆ ನೀವು ಸೇರಿಸಿದ, ಅಳಿಸಿದ, ಬದಲಿಸಿದ ಯಾವುದೂ ಅದಕ್ಕೆ ಗೊತ್ತಿಲ್ಲ. ಸಿನಾಲಜಿ, ಕ್ಯೂನ್ಯಾಪ್‌ನಂತಹ ಮನೆಬಳಕೆಯ ಪೆಟ್ಟಿಗೆಗಳು ಒಳಗೆ ಲಿನಕ್ಸಿನ ರೇಡ್ ವ್ಯವಸ್ಥೆಯನ್ನೇ ಬಳಸುವುದರಿಂದ, ಪ್ರತಿ ಡಿಸ್ಕಿನಲ್ಲೂ ಗುಂಪಿನ ವಿವರ ಬರೆದ ಒಂದು ಸಣ್ಣ ದಾಖಲೆಯೂ, ಅದರೊಳಗೆ ಘಟನೆಗಳನ್ನು ಎಣಿಸುವ ಒಂದು ಸಂಖ್ಯೆಯೂ ಇರುತ್ತವೆ. 1, 4ನೇ ಡಿಸ್ಕುಗಳ ಸಂಖ್ಯೆ ಒಂದೇ ಆಗಿದ್ದು, 3ನೆಯದರದು ಸ್ವಲ್ಪವೇ ಹಿಂದಿದ್ದು, 2ನೆಯದರದು ಬಹಳ ಹಿಂದೆ ಉಳಿದಿರುತ್ತದೆ. ಹಾಗಾಗಿ ಸರಿಯಾದ ಜೋಡಣೆ 1, 3, 4. ಯಾರಾದರೂ ಅವಸರದಲ್ಲಿ 1, 2, 4 ಜೋಡಿಸಿದರೆ ಮೂರು ತಿಂಗಳ ಅಂತರದ ಎರಡು ಕಾಲಗಳನ್ನು ಹೊಲಿದಂತಾಗುತ್ತದೆ. ಫೋಲ್ಡರುಗಳ ಹೆಸರು ಕಾಣಿಸಬಹುದು, ಆದರೆ ಯಾವ ಫೈಲ್ ಎಲ್ಲಿದೆ ಎಂದು ದಾಖಲಿಸುವ ಫೈಲ್ ವ್ಯವಸ್ಥೆಯ ಒಂದು ಭಾಗ ಇನ್ನೊಂದಕ್ಕೆ ಹೊಂದುವುದಿಲ್ಲ. ಆಗ ಪೆಟ್ಟಿಗೆ ಫೈಲ್ ವ್ಯವಸ್ಥೆಯನ್ನು ಸರಿಪಡಿಸಲೇ ಎಂದು ಕೇಳುತ್ತದೆ, ಒಪ್ಪಿಕೊಂಡರೆ ಹೊಂದದ್ದನ್ನೆಲ್ಲ ಕಸವೆಂದು ತೀರ್ಮಾನಿಸಿ ಕತ್ತರಿಸುತ್ತದೆ. ಚೀಟಿಯಲ್ಲಿ ತಿಂಗಳನ್ನು ಬರೆಯಿರಿ ಎಂದದ್ದು ಇದಕ್ಕೇ.

ಹಾಗೆಂದು 2ನೇ ಡಿಸ್ಕನ್ನು ಎಸೆಯಬೇಡಿ. ಇದನ್ನು ವೃತ್ತಿಯವರೂ ಕೆಲವೊಮ್ಮೆ ಮರೆಯುತ್ತಾರೆ. ಮಾರ್ಚಿನ ನಂತರ ಪೆಟ್ಟಿಗೆ ಯಾವ ಜಾಗಗಳನ್ನು ಮುಟ್ಟಿಲ್ಲವೋ ಆ ಜಾಗಗಳಲ್ಲಿ 2ನೇ ಡಿಸ್ಕಿನ ಮಾತು ಇವತ್ತಿಗೂ ಸತ್ಯ. ತಾಳಮದ್ದಳೆಯ ಫೈಲುಗಳನ್ನು ವರ್ಷಗಳ ಹಿಂದೆ ಒಮ್ಮೆ ಬರೆದಿಟ್ಟು ಆಮೇಲೆ ಬದಲಿಸಿಲ್ಲ ಎಂದಾದರೆ, 3ನೇ ಡಿಸ್ಕಿನಲ್ಲಿ ಓದಲಾಗದ ಸೆಕ್ಟರುಗಳು ಸಿಕ್ಕ ಕಡೆಯಲ್ಲಿ 1, 2, 4ರಿಂದ ಅವನ್ನು ಲೆಕ್ಕ ಹಾಕಿ ತುಂಬಬಹುದು. ಮೂರು ತಿಂಗಳ ಹಳೆಯ ಡಿಸ್ಕ್ ಹೊಸ ಫೋಟೋಗಳಿಗೆ ಸುಳ್ಳುಸಾಕ್ಷಿಯಾದರೂ ಹಳೆಯ ಧ್ವನಿಗೆ ನಂಬಬಹುದಾದ ಸಾಕ್ಷಿ.

ರಿಪೇರ್ ಗುಂಡಿಯ ವಿಷಯ. ಒಂದು ಡಿಸ್ಕ್ ಕೆಟ್ಟಾಗ ಹೊಸದನ್ನು ಹಾಕಿ ಆ ಗುಂಡಿ ಒತ್ತುವುದು ಸರಿಯಾದ ಕ್ರಮವೇ. ಅದು ಮಾರ್ಚಿಗೆ ಸಲ್ಲುತ್ತಿತ್ತು. ಎರಡು ಹೊರಬಿದ್ದ ಮೇಲೆ ಲೆಕ್ಕ ಹಾಕಲು ಅಂಕಿಗಳೇ ಸಾಲವು, ಆದ್ದರಿಂದ ಹೊಸ ಡಿಸ್ಕುಗಳನ್ನು ಹಾಕಿದರೆ ರಿಪೇರ್ ಆಯ್ಕೆಯೇ ಕಾಣಿಸದೆ, ವಾಲ್ಯೂಮ್ ಅಳಿಸಿ ಹೊಸದು ಮಾಡಿ ಎಂಬ ಸಲಹೆ ಬರುವ ಸಂಭವವಿದೆ. ಹೊಸ ವಾಲ್ಯೂಮ್ ಮಾಡಿದರೆ ಹಳೆಯ ಫೈಲ್ ವ್ಯವಸ್ಥೆಯ ಮುಖ್ಯ ದಾಖಲೆಗಳ ಮೇಲೆ ಹೊಸ ಬರವಣಿಗೆ ಬೀಳುತ್ತದೆ. ಇನ್ನು, ಒಂದೇ ಡಿಸ್ಕ್ ಕೆಟ್ಟಿದ್ದಾಗಲೂ, ಲೆಕ್ಕ ಹಾಕಿ ಹೊಸ ಡಿಸ್ಕನ್ನು ತುಂಬುವ ರೀಬಿಲ್ಡ್ ಎಂಬುದು ಉಳಿದ ಮೂರು ಡಿಸ್ಕುಗಳ ಪ್ರತಿ ಸೆಕ್ಟರನ್ನೂ ಓದಿಸುವ ಕಠಿಣ ಪರೀಕ್ಷೆ. ತಯಾರಕರು ಸಾಮಾನ್ಯ ಡಿಸ್ಕುಗಳಿಗೆ ಹೇಳುವ ಮಿತಿ 10ರ 14ನೇ ಘಾತದಷ್ಟು ಬಿಟ್ ಓದುವಾಗ ಒಂದು ಓದಲಾಗದ ಸೆಕ್ಟರ್, ಅಂದರೆ ಸುಮಾರು 12.5 ಟಿಬಿಗೆ ಒಂದು. ನಿಮ್ಮ ಮೂರು ಡಿಸ್ಕುಗಳನ್ನು ಪೂರ್ತಿ ಓದಿದರೆ 12 ಟಿಬಿ. ಇದು ತಯಾರಕರು ತಮ್ಮ ರಕ್ಷಣೆಗೆ ಹಾಕಿಕೊಂಡ ಮೇಲ್ಮಿತಿ, ಡಿಸ್ಕುಗಳು ವಾಸ್ತವದಲ್ಲಿ ಇದಕ್ಕಿಂತ ಚೆನ್ನಾಗಿ ನಡೆದುಕೊಳ್ಳುತ್ತವೆ. ಆದರೂ ಒಂದೇ ದಿನ ಕೊಂಡು, ಒಂದೇ ಪೆಟ್ಟಿಗೆಯ ಬಿಸಿಯಲ್ಲಿ ಅಷ್ಟೇ ಗಂಟೆ ತಿರುಗಿದ ನಾಲ್ಕು ಡಿಸ್ಕುಗಳು ಸುಮಾರಾಗಿ ಒಂದೇ ಕಾಲಕ್ಕೆ ಮುಪ್ಪಾಗುತ್ತವೆ ಎಂಬುದನ್ನು ಅಲ್ಲಗಳೆಯಲಾಗದು.

ವಿಂಡೋಸಿನಲ್ಲಿ ಇನಿಶಿಯಲೈಸ್ ಒತ್ತಿದ್ದರ ಬಗ್ಗೆ ನೀವು ನಿದ್ದೆಗೆಡಬೇಕಾಗಿಲ್ಲ. ಅದು ಡಿಸ್ಕಿನ ಆರಂಭದಲ್ಲೂ ಕೊನೆಯಲ್ಲೂ ವಿಭಾಗಗಳ ಪಟ್ಟಿಯನ್ನು ಹೊಸದಾಗಿ ಬರೆಯುತ್ತದೆ, ಡಿಸ್ಕನ್ನು ಪೂರ್ತಿ ಅಳಿಸುವುದಿಲ್ಲ. ಇಂಥ ಬಹುತೇಕ ಪೆಟ್ಟಿಗೆಗಳಲ್ಲಿ ಮೊದಲ ಕೆಲವು ಜಿಬಿ ಪೆಟ್ಟಿಗೆಯ ಸ್ವಂತ ತಂತ್ರಾಂಶಕ್ಕೆ ಮೀಸಲು, ನಿಮ್ಮ ಡೇಟಾ ಶುರುವಾಗುವುದು ಅದರ ನಂತರ. ಜೊತೆಗೆ, ಒಂದೇ ಗಾತ್ರದ ನಾಲ್ಕು ಡಿಸ್ಕುಗಳನ್ನು ಪೆಟ್ಟಿಗೆ ಒಂದೇ ರೀತಿ ವಿಭಾಗಿಸಿರುವುದರಿಂದ, 1ನೇ ಡಿಸ್ಕಿನ ಪಟ್ಟಿಯನ್ನು ನೋಡಿ 3ನೆಯದರ ಪಟ್ಟಿಯನ್ನು ಮತ್ತೆ ಬರೆಯಬಹುದು. ವಿಂಡೋಸ್ ಹಾಗೆ ಕೇಳಿದ್ದೇಕೆ ಎಂಬುದಕ್ಕೆ ಒಂದು ವಿವರಣೆಯಿದೆ: ಕೆಲವು ಯುಎಸ್‌ಬಿ ಡಾಕುಗಳು 512 ಬೈಟಿನ ಸೆಕ್ಟರುಗಳನ್ನು 4096 ಬೈಟಿನವೆಂದು ತೋರಿಸುತ್ತವೆ, ಆಗ ಇರುವ ಪಟ್ಟಿಯೇ ಕಂಪ್ಯೂಟರಿಗೆ ಕಾಣಿಸುವುದಿಲ್ಲ. ಹಾಗಾಗಿ ಮುಂದಿನ ಕೆಲಸಕ್ಕೆ ಡಾಕ್ ಬೇಡ, ಕಂಪ್ಯೂಟರಿನೊಳಗೆ ಡಿಸ್ಕನ್ನು ಜೋಡಿಸುವ ನೇರ ಸಾಟಾ ಕೇಬಲ್ ಬೇಕು. ಇನಿಶಿಯಲೈಸ್ ನಂತರ ಫಾರ್ಮ್ಯಾಟ್ ಮಾಡಿದರೇ ಎಂಬುದನ್ನು ಮಾತ್ರ ಅಂಗಡಿಯವರನ್ನು ಸ್ಪಷ್ಟವಾಗಿ ಕೇಳಿ. ವಿಂಡೋಸಿನ ಪೂರ್ಣ ಫಾರ್ಮ್ಯಾಟ್ ಡಿಸ್ಕಿನುದ್ದಕ್ಕೂ ಸೊನ್ನೆ ಬರೆಯುತ್ತದೆ. ಹಾಗಾಗಿದ್ದರೆ 3ನೇ ಡಿಸ್ಕನ್ನು ಮರೆತು 2ನೆಯದರ ಮೇಲೆ ಭಾರ ಹಾಕಬೇಕಾಗುತ್ತದೆ.

ಫ್ರೀಜರ್ ಬೇಡವೇ ಬೇಡ. ಹಿಂದಿನ ಕಾಲದ ಕೆಲವು ಡಿಸ್ಕುಗಳಲ್ಲಿ ಬಿಗಿದುಕೊಂಡ ಭಾಗಗಳು ಚಳಿಗೆ ಕುಗ್ಗಿ ಒಂದಿಷ್ಟು ಹೊತ್ತು ಓಡಿದ ಕಥೆಗಳಿಂದ ಈ ನಂಬಿಕೆ ಬಂದಿದೆ. ಈಗಿನ ಡಿಸ್ಕಿನಲ್ಲಿ ಓದುವ ಹೆಡ್ ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ಫ್ರೀಜರಿನಿಂದ ತೆಗೆದ ಡಿಸ್ಕಿನ ಮೇಲೆ ಮಲೆನಾಡಿನ ಮಳೆಗಾಲದ ಗಾಳಿಯ ತೇವ ಹನಿಗಟ್ಟಿದರೆ ಆಗುವುದನ್ನು ಊಹಿಸಿಕೊಳ್ಳಿ. ಅದೂ ಅಲ್ಲದೆ, ನಿಮ್ಮ ಡಿಸ್ಕುಗಳು ತಿರುಗುತ್ತಲೇ ಇವೆ, ಫ್ರೀಜರಿನಲ್ಲಿಟ್ಟು ಗುಣಪಡಿಸಬೇಕಾದ ರೋಗವೇ ಅವುಗಳಿಗಿಲ್ಲ. ಅದೇ ಮಾದರಿಯ ಬೇರೊಂದು ಡಿಸ್ಕಿನ ಹಸಿರು ಬೋರ್ಡನ್ನು ತಂದು ಹಾಕಬಹುದೆಂಬ ಸಲಹೆ ಬಂದರೆ ಅದನ್ನೂ ತಳ್ಳಿಹಾಕಿ: ಪ್ರತಿ ಡಿಸ್ಕಿಗೂ ಕಾರ್ಖಾನೆಯಲ್ಲಿ ಹೊಂದಿಸಿದ ಅಳತೆಗಳು ಅದರದೇ ಬೋರ್ಡಿನ ಚಿಪ್ಪಿನಲ್ಲಿರುತ್ತವೆ, ಆ ಚಿಪ್ಪನ್ನೂ ವರ್ಗಾಯಿಸದೆ ಬೋರ್ಡ್ ಬದಲಿಸಿದರೆ ಪ್ರಯೋಜನವಿಲ್ಲ.

ಹೊಸ ಪೆಟ್ಟಿಗೆ ತಂದು ಡಿಸ್ಕುಗಳನ್ನು ಅದಕ್ಕೆ ವರ್ಗಾಯಿಸುವುದು ಮೂಲತಃ ತಪ್ಪಲ್ಲ. ಡಿಸ್ಕುಗಳೆಲ್ಲ ಆರೋಗ್ಯವಾಗಿದ್ದು ಪೆಟ್ಟಿಗೆಯೇ ಸತ್ತಾಗ ಅದು ಸುಲಭದ ದಾರಿ. ಇಂಟೆಲ್ ಆ್ಯಟಮ್ ಸಿ2000 ಸಾಲಿನ ಪ್ರೊಸೆಸರಿನ ಒಂದು ದೋಷ 2017ರಲ್ಲಿ ಬೆಳಕಿಗೆ ಬಂದಾಗ, ಆ ಪ್ರೊಸೆಸರ್ ಇದ್ದ ಕೆಲವು ನ್ಯಾಸ್ ಪೆಟ್ಟಿಗೆಗಳು ಡಿಸ್ಕುಗಳೆಲ್ಲ ಸರಿಯಿದ್ದೂ ಏಳಲಾರದೆ ಹೋದವು, ಅವುಗಳ ಒಡೆಯರಿಗೆ ಈ ದಾರಿ ನೆರವಾಯಿತು. ನಿಮ್ಮ ಪೆಟ್ಟಿಗೆ ಏಳುತ್ತಿದೆ, ಗುಂಪು ಮುರಿದಿದೆ. ಹೊಸ ಪೆಟ್ಟಿಗೆಯೂ ಅದೇ ಮುರಿದ ಗುಂಪನ್ನೇ ನೋಡುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಯಾವ ದಾರಿ ಹಿಡಿದರೂ ಮೊದಲ ಹೆಜ್ಜೆ ಒಂದೇ: ಪ್ರತಿ ಡಿಸ್ಕಿನ ಸೆಕ್ಟರುಗಳನ್ನು ಒಂದೂ ಬಿಡದೆ ಇನ್ನೊಂದೆಡೆಗೆ ನಕಲು ಮಾಡಿ, ಮೂಲ ಡಿಸ್ಕುಗಳನ್ನು ಕಪಾಟಿನಲ್ಲಿಟ್ಟು, ನಕಲಿನ ಮೇಲೆ ಮಾತ್ರ ಪ್ರಯೋಗ ನಡೆಸುವುದು. ನಕಲು ಹಾಳಾದರೆ ಇನ್ನೊಂದು ಮಾಡಬಹುದು.

ಮನೆಯಲ್ಲೇ ಮಾಡುವುದಾದರೆ ಲಿನಕ್ಸ್ ಬಲ್ಲವರೊಬ್ಬರು ಬೇಕು. ಬಲ್ಲವರು ಎಂದರೆ ಕಮ್ಯಾಂಡ್ ಒತ್ತುವ ಮೊದಲು ಯಾವುದು ಮೂಲ, ಯಾವುದು ನಕಲು ಎಂದು ಎರಡು ಬಾರಿ ನೋಡುವ ಅಭ್ಯಾಸವಿರುವವರು ಎಂದರ್ಥ. ನಕಲನ್ನು ತಿರುಗುಮುರುಗಾಗಿ ಮಾಡಿ, ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ಸುರಿದ ಪ್ರಕರಣವೊಂದು ನನ್ನ ಬಳಿ ಬಂದಿತ್ತು. ಅದಕ್ಕೆ ಯಾವ ಮದ್ದೂ ಇಲ್ಲ. ಸಾಟಾ ಕೇಬಲ್ ನೇರವಾಗಿ ಜೋಡಿಸಬಹುದಾದ ಡೆಸ್ಕ್‌ಟಾಪ್ ಕಂಪ್ಯೂಟರ್ ಬೇಕು, ಮತ್ತು ನಾಲ್ಕು ನಕಲುಗಳು ಹಿಡಿಸುವಷ್ಟು, ಅಂದರೆ 16 ಟಿಬಿಗಿಂತ ತುಸು ಹೆಚ್ಚು ಖಾಲಿ ಜಾಗ ಬೇಕು.

ಮೊದಲು ಪ್ರತಿ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ವರದಿಯನ್ನು ತೆಗೆದು 5, 197, 198 ಸಂಖ್ಯೆಯ ಸಾಲುಗಳನ್ನು ನೋಡಬೇಕು. ಬದಲಿಸಲಾದ ಸೆಕ್ಟರುಗಳು, ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳು, ಓದಲಾಗದವು ಎಂದು ಅವುಗಳ ಅರ್ಥ. ಆ ಸಾಲುಗಳು ಸೊನ್ನೆಯಾಗಿದ್ದು 199ನೆಯದು ಮಾತ್ರ ಏರಿದ್ದರೆ ದೋಷ ಡಿಸ್ಕಿನದಲ್ಲ, ಸಂಪರ್ಕದ್ದು. ನಂತರ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ನಕಲು ಮಾಡಬೇಕು. ಅದು ಸುಲಭವಾಗಿ ಓದಲು ಬರುವ ಭಾಗಗಳನ್ನು ಮೊದಲು ಮುಗಿಸಿ, ಕಷ್ಟದ ಜಾಗಗಳನ್ನು ಒಂದು ನಕ್ಷೆಯ ಫೈಲಿನಲ್ಲಿ ಗುರುತು ಹಾಕಿಕೊಂಡು ಕೊನೆಗೆ ಮರಳುತ್ತದೆ. ನಡುವೆ ಕರೆಂಟ್ ಹೋದರೂ ಆ ನಕ್ಷೆ ಇರುವುದರಿಂದ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೆ ಆರೋಗ್ಯವಂತ 4 ಟಿಬಿ ಡಿಸ್ಕಿಗೆ ಏಳೆಂಟು ಗಂಟೆ ಸಾಕು, ಕೆಟ್ಟದ್ದಕ್ಕೆ ದಿನಗಳೇ ಹಿಡಿಯಬಹುದು. ಅನುಭವದಿಂದ ಹೇಳುವ ಒಂದು ಮಾತು: 1, 4ನೇ ಡಿಸ್ಕುಗಳನ್ನು ಮೊದಲು ಮುಗಿಸಿ ಕೈ ಪಳಗಿಸಿಕೊಳ್ಳಿ, 3ನೆಯದನ್ನು ಆಮೇಲೆ ಮುಟ್ಟಿ. ನಕಲಿನ ನಡುವೆ ಯಾವುದೇ ಡಿಸ್ಕ್ ಟಕ್ ಟಕ್ ಎನ್ನತೊಡಗಿದರೆ ಅಥವಾ ವೇಗ ದಿಢೀರನೆ ಕುಸಿದರೆ ಅಲ್ಲಿಗೇ ನಿಲ್ಲಿಸಿ. ಅದು ಹೆಡ್ ಸೋಲುತ್ತಿರುವ ಲಕ್ಷಣವಿರಬಹುದು. ಮುಂದುವರಿಸಿದರೆ ತಟ್ಟೆಯ ಮೇಲೆ ಗೀರು ಬೀಳಬಹುದು, ಗೀರು ಬಿದ್ದ ಕಡೆ ಡೇಟಾ ಮರಳಿ ತೆಗೆಯುವ ಪ್ರಯೋಗಾಲಯಕ್ಕೂ ಏನೂ ಸಿಗುವುದಿಲ್ಲ.

ನಕಲುಗಳು ಸಿದ್ಧವಾದ ಮೇಲೆ 1, 3, 4ರ ನಕಲುಗಳನ್ನು ಲಿನಕ್ಸಿನಲ್ಲಿ ಒತ್ತಾಯದಿಂದ ಜೋಡಿಸಿ, ಬರೆಯಲು ಅವಕಾಶ ಕೊಡದೆ ಓದಲು ಮಾತ್ರ ತೆರೆಯಬೇಕು. ಇಲ್ಲಿ ಜೋಡಿಸುವ ಕಮ್ಯಾಂಡ್ ಬೇರೆ, ಹೊಸದಾಗಿ ಸೃಷ್ಟಿಸುವ ಕಮ್ಯಾಂಡ್ ಬೇರೆ. ಎರಡನೆಯದನ್ನು ಬಳಸಲು ಹೇಳುವ ಸಲಹೆಗಳು ಧಾರಾಳವಾಗಿ ಸಿಗುತ್ತವೆ, ಡಿಸ್ಕಿನ ಕ್ರಮ ಅಥವಾ ತುಂಡಿನ ಗಾತ್ರ ಒಂದಿಷ್ಟು ತಪ್ಪಿದರೂ ಅದು ಗುಂಪಿನ ದಾಖಲೆಯನ್ನೇ ಅಳಿಸಿ ಹೊಸದನ್ನು ಬರೆಯುತ್ತದೆ. ಲಿನಕ್ಸಿನ ಹಾದಿ ಕಷ್ಟವೆನಿಸಿದರೆ, ಯುಎಫ್‌ಎಸ್ ಎಕ್ಸ್‌ಪ್ಲೋರರ್, ಆರ್-ಸ್ಟುಡಿಯೋದಂತಹ ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳು ಅವೇ ನಕಲುಗಳನ್ನು ವಿಂಡೋಸಿನಲ್ಲೇ ಓದಿ, ಗುಂಪನ್ನು ಮನಸ್ಸಿನಲ್ಲೇ ಜೋಡಿಸಿದಂತೆ ಜೋಡಿಸಿ, ಫೈಲುಗಳನ್ನು ತೋರಿಸುತ್ತವೆ. ಕೊಳ್ಳುವ ಮೊದಲೇ ಫೈಲುಗಳ ಪಟ್ಟಿ ನೋಡಲು ಅವು ಬಿಡುವುದರಿಂದ ಹಣ ವ್ಯರ್ಥವಾಗುವ ಭಯ ಕಡಿಮೆ.

ಪ್ರಯೋಗಾಲಯಕ್ಕೆ ಕಳಿಸುವ ದಾರಿಯನ್ನು ಯಾವಾಗ ಹಿಡಿಯಬೇಕು? ಸ್ಮಾರ್ಟ್ ವರದಿಯಲ್ಲಿ 3ನೇ ಡಿಸ್ಕ್ ನಿಜಕ್ಕೂ ಕೆಟ್ಟಿದೆ ಎಂದು ಕಂಡರೆ, ಅಥವಾ ನಂಬಿಕೆಗೆ ಅರ್ಹರಾದ ಲಿನಕ್ಸ್ ಬಲ್ಲವರು ಸಿಗದಿದ್ದರೆ, ಆಗಲೇ. ‘ಲಕ್ಷಗಟ್ಟಲೆ’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ದುಬಾರಿಯಾಗುವುದು ಮುಖ್ಯವಾಗಿ ಡಿಸ್ಕನ್ನು ಧೂಳಿಲ್ಲದ ಕೋಣೆಯಲ್ಲಿ ತೆರೆದು ಹೆಡ್ ಬದಲಿಸಬೇಕಾದಾಗ, ಏಕೆಂದರೆ ಅದಕ್ಕೆ ಅದೇ ಮಾದರಿಯ ಇನ್ನೊಂದು ಡಿಸ್ಕನ್ನು ಬಲಿಕೊಡಬೇಕು. ತಿರುಗುತ್ತಿರುವ ಡಿಸ್ಕುಗಳಿಂದ ನಕಲು ತೆಗೆದು ಗುಂಪು ಜೋಡಿಸುವ ಕೆಲಸಕ್ಕೆ ಅಷ್ಟಾಗುವುದಿಲ್ಲ. ಯಾರಿಗೇ ಕೊಟ್ಟರೂ ಕೆಲವನ್ನು ಬರವಣಿಗೆಯಲ್ಲಿ ಕೇಳಿ: ಮೊದಲು ನಕಲು ತೆಗೆಯುತ್ತೀರಾ, ಡಿಸ್ಕ್ ತೆರೆಯುವ ಮೊದಲು ನನ್ನ ಒಪ್ಪಿಗೆ ಕೇಳುತ್ತೀರಾ, ಫೈಲುಗಳ ಪಟ್ಟಿ ತೋರಿಸಿದ ಮೇಲೆ ಹಣವೇ, ಡೇಟಾ ಸಿಗದಿದ್ದರೆ ಶುಲ್ಕವೆಷ್ಟು, ಕೆಲಸವನ್ನು ನೀವೇ ಮಾಡುತ್ತೀರೋ ಬೇರೆ ಊರಿಗೆ ಕಳಿಸುತ್ತೀರೋ. ಕೊನೆಯ ಪ್ರಶ್ನೆಗೆ ತಡವರಿಸುವವರು ಹಲವರು. ನಾಲ್ಕೂ ಡಿಸ್ಕುಗಳನ್ನು ಕೊಡಿ, ಮೂರನ್ನಲ್ಲ. ವಾಲ್ಯೂಮನ್ನು ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿದ್ದರೆ ಆ ಕೀಲಿಯ ಫೈಲೂ ಬೇಕು, ಅದಿಲ್ಲದೆ ಎಂಥವರೂ ತೆರೆಯಲಾರರು. ಬೆಂಗಳೂರಿಗೆ ಕಳಿಸುವುದಾದರೆ ಕೊರಿಯರಿಗೆ ಕೊಡುವುದಕ್ಕಿಂತ, ಪ್ರತಿ ಡಿಸ್ಕನ್ನು ಬೇರೆ ಬೇರೆ ಸುತ್ತಿ, ರಾತ್ರಿ ರೈಲಿನಲ್ಲಿ ಕೈಚೀಲದಲ್ಲಿ ಒಯ್ಯುವುದು ನನಗೆ ಹೆಚ್ಚು ಸಮಾಧಾನ.

ಪ್ರಯೋಗಾಲಯದವರಿಗೆ ಹೇಳಲೇಬೇಕಾದ ಇನ್ನೊಂದಿದೆ. ಸಿಡಿ ಗುಣಮಟ್ಟದ ಡಬ್ಲ್ಯೂಎವಿ ಎಂದಾದರೆ ಒಂದು ನಿಮಿಷಕ್ಕೆ ಸುಮಾರು 10 ಎಂಬಿಯಂತೆ ನಿಮ್ಮ 140 ಗಂಟೆಗಳು 90 ಜಿಬಿಯ ಆಸುಪಾಸು. 12 ಟಿಬಿಯಲ್ಲಿ ನಿಮ್ಮ ಜೀವ ಇರುವುದು ಆ 90 ಜಿಬಿಯಲ್ಲಿ. ಆ ಫೋಲ್ಡರಿನ ಹೆಸರನ್ನು ಬರೆದುಕೊಟ್ಟು ಅದನ್ನು ಮೊದಲು ತೆಗೆಯಿರಿ ಎನ್ನಿ. ಡಿಸ್ಕ್ ದುರ್ಬಲವಾಗಿದ್ದರೆ, ಫೈಲ್ ವ್ಯವಸ್ಥೆಯ ಸೂಚಿಯನ್ನು ಓದಿ ಆ ಫೋಲ್ಡರ್ ಕುಳಿತಿರುವ ಸೆಕ್ಟರುಗಳನ್ನೇ ಮೊದಲು ನಕಲು ಮಾಡುವ ಉಪಕರಣಗಳು ವೃತ್ತಿಯವರಲ್ಲಿವೆ.

ಮತ್ತು ಇದು ಧ್ವನಿಯೆಂಬುದು ನಿಮ್ಮ ಪುಣ್ಯ. ಫೋಟೋದ ಜೆಪೆಗ್ ಫೈಲಿನಲ್ಲಿ ಒಂದು ಸೆಕ್ಟರ್ ಹೋದರೆ ಅದರಿಂದ ಕೆಳಗಿನ ಚಿತ್ರವೆಲ್ಲ ಬಣ್ಣಗೆಡಬಹುದು. ಡಬ್ಲ್ಯೂಎವಿಯಲ್ಲಿ ಹಿಂದಿನದಕ್ಕೂ ಮುಂದಿನದಕ್ಕೂ ಅಂಥ ಸಂಕೋಲೆಯಿಲ್ಲ: 4096 ಬೈಟಿನ ಒಂದು ಸೆಕ್ಟರ್ ಹೋದರೆ ಕಳೆದುಹೋಗುವುದು ಸೆಕೆಂಡಿನ ನಲವತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ ಧ್ವನಿ, 64 ಕೆಬಿಯ ಇಡೀ ತುಂಡೇ ಹೋದರೂ ಸುಮಾರು ಮೂರನೇ ಒಂದು ಸೆಕೆಂಡು. ಅರ್ಥಧಾರಿ ಉಸಿರು ತೆಗೆದುಕೊಳ್ಳುವ ಹೊತ್ತೂ ಅಲ್ಲ ಅದು. ಆದ್ದರಿಂದ ಪ್ರಯೋಗಾಲಯದವರು ‘ಈ ಫೈಲ್ ಭಾಗಶಃ ಹಾಳು’ ಎಂದು ಪಟ್ಟಿ ಮಾಡಿದ್ದನ್ನು ಬೇಡವೆನ್ನದೆ ಅವನ್ನೂ ಕೇಳಿ ಪಡೆಯಿರಿ. ಫೈಲಿನ ತಲೆಭಾಗ ಹೋಗಿ ಪ್ಲೇಯರ್ ತೆರೆಯಲು ಒಪ್ಪದಿದ್ದರೂ, ಆಡಾಸಿಟಿಯಂತಹ ಉಚಿತ ತಂತ್ರಾಂಶಕ್ಕೆ ಅದನ್ನು ಕಚ್ಚಾ ಧ್ವನಿಯಾಗಿ ಕೊಟ್ಟು, 16 ಬಿಟ್, 44100 ಹರ್ಟ್ಸ್, ಎರಡು ಚಾನೆಲ್ ಎಂದು ಹೇಳಿದರೆ ಉಳಿದ ಭಾಗ ಕೇಳಿಸುತ್ತದೆ.

ಫೈಲುಗಳು ಕೈಸೇರಿದ ಮೇಲೆ ಹಳೆಯ ನಾಲ್ಕು ಡಿಸ್ಕುಗಳನ್ನು ಕೂಡಲೇ ಫಾರ್ಮ್ಯಾಟ್ ಮಾಡಿ ಮತ್ತೆ ಬಳಕೆಗೆ ಹಚ್ಚಬೇಡಿ. ಹೊಸ ಡಿಸ್ಕ್ ಕೊಳ್ಳುವಾಗ ಅದು ಎಸ್‌ಎಂಆರ್ ಬಗೆಯದಲ್ಲವೆಂದು (ಬರವಣಿಗೆಯ ಸಾಲುಗಳನ್ನು ಒಂದರ ಮೇಲೊಂದು ತುಸು ಹೊದಿಸಿ ಬರೆಯುವ ಬಗೆ) ಖಚಿತಪಡಿಸಿಕೊಳ್ಳಿ; ರೀಬಿಲ್ಡ್ ಹೊತ್ತಿಗೆ ಆ ಬಗೆಯವು ವಿಪರೀತ ನಿಧಾನವಾಗುತ್ತವೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸಾಲಿನ 2ರಿಂದ 6 ಟಿಬಿಯ ಕೆಲವು ಡಿಸ್ಕುಗಳು ಆ ಬಗೆಯವೆಂದು ಒಪ್ಪಿಕೊಂಡ ಮೇಲೆ ತಯಾರಕರು ಈ ವಿವರವನ್ನು ಪ್ರಕಟಿಸತೊಡಗಿದ್ದಾರೆ. ಯುಪಿಎಸ್ ಇದ್ದರೆ ಅದರ ಬ್ಯಾಟರಿ ಬದಲಿಸಿ, ಅದರ ಯುಎಸ್‌ಬಿ ತಂತಿಯನ್ನು ಪೆಟ್ಟಿಗೆಗೆ ಜೋಡಿಸಿದರೆ ಕರೆಂಟ್ ಹೋದಾಗ ಪೆಟ್ಟಿಗೆ ತಾನೇ ಕ್ರಮವಾಗಿ ಮುಚ್ಚಿಕೊಳ್ಳುತ್ತದೆ. 90 ಜಿಬಿಯ ಆ ಫೋಲ್ಡರಿನ ಪ್ರತಿಯನ್ನು ಪೆಟ್ಟಿಗೆಗೆ ಹಾಕುವ ಮೊದಲೇ 128 ಜಿಬಿಯ ಎರಡು ಪೆನ್‌ಡ್ರೈವುಗಳಿಗೆ ಹಾಕಿ, ಒಂದನ್ನು ಬೆಂಗಳೂರಿನ ನೆಂಟರ ಮನೆಗೆ ಕಳಿಸಿ, ವರ್ಷಕ್ಕೊಮ್ಮೆ ಎರಡನ್ನೂ ತೆರೆದು ನೋಡಿ. ಹಳೆಯ ಡಿಸ್ಕುಗಳನ್ನು ಬಿಟ್ಟುಕೊಡುವ ಮೊದಲು ಅಪ್ಪಯ್ಯನ ಪ್ರಸಂಗಗಳನ್ನು ಒಂದೊಂದಾಗಿ ಹಾಕಿ, ಮೊದಲು, ನಡುವೆ, ಕೊನೆಗೆ ಒಂದಿಷ್ಟು ಹೊತ್ತು ಕೇಳಿ ಗುರುತು ಹಾಕಿಕೊಳ್ಳಿ. ಯಾವುದಾದರೂ ಪ್ರಸಂಗದಲ್ಲಿ ಮಾತಿನ ನಡುವೆ ಬೇರೆ ಪ್ರಸಂಗದ ಚೂರು ಕೇಳಿಸಿದರೆ, ಡಿಸ್ಕುಗಳ ಜೋಡಣೆಯಲ್ಲಿ ಕ್ರಮ ತಪ್ಪಿದೆ ಅಥವಾ ಮಾರ್ಚಿನ ಡಿಸ್ಕ್ ಬರಬಾರದ ಕಡೆ ಬಂದಿದೆ ಎಂದು ತಿಳಿದು, ಕಪಾಟಿನಲ್ಲಿರುವ ಮೂಲ ಡಿಸ್ಕುಗಳಿಂದ ಮತ್ತೊಮ್ಮೆ ಶುರು ಮಾಡಬಹುದು.